ಸಾಲಿನಲ್ಲಿ ನಿಂತವನ ಕಡೆ ಯಾರಿದ್ದಾರೆ?

ಜೈಲಿನೊಳಗೆ ಏಳೆಂಟು ಜನರನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವರಲ್ಲಿ ಒಬ್ಬ ಪೊಲೀಸರು ಹಿಡಿದು ತಂದವನು. ಮಿಕ್ಕವರು ಲೆಕ್ಕ ತುಂಬಿಸೋಕೆ ಬಂದವರು. ತಹಸೀಲ್ದಾರ್ ಸಾಹೇಬರು ಬರುತ್ತಾರೆ, ಪಂಚರು ಬರುತ್ತಾರೆ, ಸಾಕ್ಷಿ ಬರುತ್ತಾನೆ. ಸಾಕ್ಷಿ ಸಾಲಿನ ಮುಂದೆ ನಡೆದು ಒಬ್ಬನ ಕಡೆ ಬೆರಳು ತೋರಿಸುತ್ತಾನೆ. ಅದನ್ನು ಬರೆದುಕೊಂಡು ರುಜು ಹಾಕುತ್ತಾರೆ. ಇಷ್ಟೇ. ಇದಕ್ಕೆ ಗುರುತು ಪತ್ತೆ ಪೆರೇಡ್ ಅಂತ ಹೆಸರು.

ಅಲ್ಲಿ ಸರ್ಕಾರದ ಮನುಷ್ಯನಿದ್ದಾನೆ. ಸಾಕ್ಷಿ ಇದ್ದಾನೆ. ಪಂಚರಿದ್ದಾರೆ. ಸಾಲಿನಲ್ಲಿ ನಿಂತವನ ಕಡೆಯವರು ಯಾರು? ಯಾರೂ ಇಲ್ಲ. ಒಂದು ಬೆರಳು ಅವನ ಹತ್ತು ವರ್ಷವನ್ನು ನುಂಗಬಹುದು. ಆದರೆ ಆ ಬೆರಳು ಹೇಗೆ ಎದ್ದಿತು, ಯಾರನ್ನು ನೋಡಿ ತಡವರಿಸಿತು, ಯಾರ ಕಣ್ಸನ್ನೆಗೆ ತಿರುಗಿತು ಅಂತ ನೋಡಿ ಬರೆದುಕೊಳ್ಳೋಕೆ ಅವನದೇ ಆದ ಒಂದು ಜೊತೆ ಕಣ್ಣಿಲ್ಲ.

ಈ ಸಾಲಿನಲ್ಲಿ ಯಾರು ನಿಲ್ಲುತ್ತಾರೆ ಅನ್ನೋದನ್ನು ಮೊದಲು ಯೋಚಿಸಿ. ಊರಿನಲ್ಲಿ ಜಮೀನುದಾರ ನಮ್ಮವರನ್ನು ಹೊಡೆದರೆ ಪೆರೇಡ್ ಬೇಕಾಗಿಲ್ಲ. ಹೊಡೆದವನ ಹೆಸರು, ಅವನಪ್ಪನ ಹೆಸರು, ಅವನ ಹೊಲದ ಸರ್ವೆ ನಂಬರು ಎಲ್ಲಾ ನಮಗೆ ಗೊತ್ತು. ಪೆರೇಡ್ ಬೇಕಾಗೋದು ಗುರುತಿಲ್ಲದವನಿಗೆ. ಪಟ್ಟಣದಲ್ಲಿ ಗುರುತಿಲ್ಲದವನು ಯಾರು? ಮೂಡಲಪಾಳ್ಯದಂಥ ಕಡೆ ಒಂದು ಕೋಣೆಯಲ್ಲಿ ನಾಲ್ಕು ಜನ ಸೇರಿ ಬಾಡಿಗೆಗಿರುವ ಹುಡುಗ. ಹಗಲು ಕಾಲೇಜು, ರಾತ್ರಿ ಪಾಳಿ ಅಂತ ಓಡಾಡುವವನು. ಸರ ಕಿತ್ತರು, ಬೈಕು ಕದ್ದರು ಅಂತ ಎಲ್ಲೋ ಒಂದು ದೂರು ಬಿದ್ದರೆ ಮೊದಲು ತಡೆದು ನಿಲ್ಲಿಸೋದು ಇವನನ್ನೇ. ಕಪ್ಪಗಿದ್ದ, ತೆಳ್ಳಗಿದ್ದ, ಇಪ್ಪತ್ತೆರಡು ವಯಸ್ಸಿರಬಹುದು ಅನ್ನುತ್ತದೆ ದೂರು. ಈ ವರ್ಣನೆ ನಮ್ಮ ಹಾಸ್ಟೆಲಿನ ಅರ್ಧ ಜನಕ್ಕೆ ಹೊಂದುತ್ತೆ!

2022ರ ಕೊನೆಗೆ ಈ ದೇಶದ ಜೈಲುಗಳಲ್ಲಿದ್ದವರ ಪೈಕಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳು. ಅಪರಾಧ ಸಾಬೀತಾಗದೆ ಒಳಗಿದ್ದವರು. ಇದು ಸರ್ಕಾರದ್ದೇ ಲೆಕ್ಕ.

ಈಗ ಕಾನೂನು ನೋಡೋಣ. 2005ರ ತಿದ್ದುಪಡಿ ದಂಡ ಪ್ರಕ್ರಿಯಾ ಸಂಹಿತೆಗೆ 54ಎ ಅನ್ನೋ ಕಲಮನ್ನು ಸೇರಿಸಿತು. ಪೊಲೀಸರು ಕೇಳಿಕೊಂಡರೆ ಬಂಧಿತನನ್ನು ಗುರುತಿಗೆ ಒಳಪಡಿಸಲು ಕೋರ್ಟು ಆದೇಶಿಸಬಹುದು ಅಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 54ನೇ ಕಲಮಾಗಿ ಕೂತಿದೆ. ಹೆಸರು ಬದಲಾಯಿತು, ನಂಬರು ಬದಲಾಯಿತು. ವಕೀಲನ ಮಾತು ಆಗಲೂ ಅದರಲ್ಲಿರಲಿಲ್ಲ, ಈಗಲೂ ಇಲ್ಲ.

ಸಾಲಿಗೆ ನಿಲ್ಲಲ್ಲ ಅನ್ನಬಹುದಾ? ಅದೂ ಆಗದು. 2023ರ ಆಗಸ್ಟ್‌ನಲ್ಲಿ ಮುಕೇಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ತನ್ನ ವಿರುದ್ಧ ತಾನೇ ಸಾಕ್ಷಿಯಾಗಲಾರೆ ಅನ್ನೋ ನೆಪದಲ್ಲಿ ಆರೋಪಿ ಪೆರೇಡನ್ನು ನಿರಾಕರಿಸುವಂತಿಲ್ಲ. ಇದರ ಬೇರು 1961ರ ಕಾಥಿ ಕಾಲು ಒಘಡ್ ತೀರ್ಪಿನಲ್ಲಿದೆ. ಬಾಯಿಬಿಟ್ಟು ಹೇಳೋದು ಸಾಕ್ಷ್ಯ, ಮುಖ ತೋರಿಸಿ ನಿಲ್ಲೋದು ಸಾಕ್ಷ್ಯವಲ್ಲ ಅಂತ.

ಸರಿ, ಒಪ್ಪೋಣ. ಆದರೆ ಗೆಳೆಯರೇ, ಆ ಮಾತು 20ನೇ ವಿಧಿಯದು, ಬಾಯಿಯ ಮೇಲಿನ ಬಲವಂತದ್ದು. ವಕೀಲನ ಮಾತಿರೋದು 22ನೇ ವಿಧಿಯಲ್ಲಿ. ಬಂಧಿತನಾದವನಿಗೆ ತನ್ನ ಇಷ್ಟದ ವಕೀಲನನ್ನು ಕಂಡು ಮಾತಾಡುವ, ಅವನಿಂದ ರಕ್ಷಣೆ ಪಡೆಯುವ ಹಕ್ಕನ್ನು ನಿರಾಕರಿಸಬಾರದು ಅನ್ನುತ್ತದೆ ಅದು. ಬಾಯಿ ತೆರೆದಾಗ ಮಾತ್ರ ವಕೀಲ, ಮುಖ ತೋರಿಸುವಾಗ ಬೇಡ ಅಂತ ಅಲ್ಲಿ ಎಲ್ಲಿ ಬರೆದಿದೆ? ಪೆರೇಡ್ ಸಾಕ್ಷ್ಯವಲ್ಲ ಅನ್ನೋ ಉತ್ತರ, ವಕೀಲ ಯಾಕಿಲ್ಲ ಅನ್ನೋ ಪ್ರಶ್ನೆಗೆ ಉತ್ತರವೇ ಅಲ್ಲ.

ಆ 22ನೇ ವಿಧಿ ಪುಕ್ಕಟೆ ಬಂದದ್ದಲ್ಲ. ಕಾನೂನು ಹೇಳಿದ ವಿಧಾನ ಅನ್ನೋ ಒಂದೇ ಮಾತನ್ನು ನಂಬಿ ಜನರ ಸ್ವಾತಂತ್ರ್ಯವನ್ನು ಶಾಸನ ಸಭೆಗಳ ಕೈಗೆ ಬಿಟ್ಟದ್ದಾಯಿತಲ್ಲ ಅಂತ ಸಂವಿಧಾನ ಸಭೆಯಲ್ಲಿ ಅಸಮಾಧಾನವಿತ್ತು. ಆ ಕೊರತೆ ತುಂಬಲೆಂದೇ 1949ರ ಸೆಪ್ಟೆಂಬರ್ 15ರಂದು ಬಾಬಾಸಾಹೇಬ್ ಅಂಬೇಡ್ಕರ್ ಈ ಹೊಸ ಕಲಮನ್ನು ಮಂಡಿಸಿದರು. ಸ್ವತಃ ವಕೀಲರಾಗಿದ್ದವರು ಅವರು. ಪರವಾಗಿ ಮಾತಾಡುವವರಿಲ್ಲದ ಮನುಷ್ಯನ ಗತಿ ಏನು ಅಂತ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ನಮ್ಮ ಮೂಡಲಪಾಳ್ಯದ ಹೆಸರು ಮೂಡಲು, ಇರೋದು ಬೆಂಗಳೂರಿನ ಪಡುವಣಕ್ಕೆ. ಈ ಹಕ್ಕಿನ ಪಾಡೂ ಅದೇ. ಪುಸ್ತಕದಲ್ಲೊಂದು ದಿಕ್ಕು, ಜೈಲಿನಂಗಳದಲ್ಲೊಂದು ದಿಕ್ಕು.

ಇನ್ನೊಂದು ತಮಾಷೆ ನೋಡಿ. ಸುಳ್ಳು ಪತ್ತೆ ಯಂತ್ರ, ಮಂಪರು ಪರೀಕ್ಷೆಗಳ ಬಗ್ಗೆ ನಮ್ಮ ಕರ್ನಾಟಕದಿಂದಲೇ ಹೋದ ಸೆಲ್ವಿ ಕೇಸಿನಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಪ್ಪಿಗೆ ಇಲ್ಲದೆ ಯಾರ ಮೇಲೂ ಈ ಪರೀಕ್ಷೆ ಮಾಡಬಾರದು. ಆರೋಪಿ ತಾನಾಗಿ ಒಪ್ಪಿದರೂ ಅವನಿಗೆ ವಕೀಲನ ನೆರವಿರಬೇಕು. ಒಪ್ಪಿಗೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸುವಾಗ ಅವನ ಪರ ವಕೀಲ ಇರಬೇಕು ಅಂತ. ಒಳ್ಳೆಯದೇ. ಆದರೆ ಬೇಡ ಅನ್ನುವ ಸ್ವಾತಂತ್ರ್ಯ ಇರುವ ಕಡೆ ವಕೀಲ, ಬೇಡ ಅನ್ನಲು ಬಾರದ ಕಡೆ ವಕೀಲ ಇಲ್ಲ! ಇದು ಯಾವ ನ್ಯಾಯ? ಬಲವಂತ ಎಲ್ಲಿ ಹೆಚ್ಚೋ ಅಲ್ಲಿ ರಕ್ಷಣೆ ಹೆಚ್ಚಬೇಕು ತಾನೆ?

2012ರಲ್ಲಿ ಕಸಬ್‌ನ ಕೇಸಿನಲ್ಲಿ ಅದೇ ಕೋರ್ಟು, ಬಂಧಿತನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ವಕೀಲನ ಹಕ್ಕು ಹುಟ್ಟುತ್ತದೆ ಅಂದಿತು. ಪೆರೇಡ್ ಸಾಮಾನ್ಯವಾಗಿ ನಡೆಯೋದು ಅದರ ನಂತರ, ಆರೋಪಿ ನ್ಯಾಯಾಂಗ ಬಂಧನದಲ್ಲಿದ್ದಾಗ. ಅಂದರೆ ವಕೀಲ ಆಗಲೇ ಇದ್ದಾನೆ. ಜೈಲಿನ ಬಾಗಿಲಲ್ಲಿ ಅವನನ್ನು ಹೊರಗೆ ನಿಲ್ಲಿಸೋದು ಯಾಕೆ?

"ತಹಸೀಲ್ದಾರರು ಇರ್ತಾರಲ್ಲ, ಅವರು ನಿಷ್ಪಕ್ಷಪಾತಿಗಳು" ಅನ್ನುತ್ತಾರೆ. ಇರಲಿ, ಎಲ್ಲರೂ ದೇವರಂಥವರೇ ಅಂದುಕೊಳ್ಳೋಣ. ಆದರೆ ಮೋಸ ಆಗೋದು ಪೆರೇಡಿಗೂ ಮುಂಚೆ. ಠಾಣೆಯಲ್ಲಿ ಮೊಬೈಲಿನಲ್ಲಿ ಫೋಟೋ ತೋರಿಸಿದರೆ, ಕೋರ್ಟಿನ ಜಗಲಿಯಲ್ಲಿ "ಅವನೇ ನೋಡ್ಕೋ" ಅಂದುಬಿಟ್ಟರೆ, ತಹಸೀಲ್ದಾರರಿಗೆ ಹೇಗೆ ಗೊತ್ತಾಗಬೇಕು? ಕೇಳೋರು ಬೇಕಲ್ಲ? ಮುಂದೆ ವಿಚಾರಣೆಗೆ ಬಂದಾಗ ಪಾಟೀಸವಾಲು ಮಾಡುವ ವಕೀಲ ಅಂದು ಅಲ್ಲಿರಲಿಲ್ಲ. ಸಾಲಿನಲ್ಲಿದ್ದ ಮಿಕ್ಕವರ ವಯಸ್ಸೆಷ್ಟು, ಬಣ್ಣವೇನು, ಇವನೊಬ್ಬನೇ ಗಡ್ಡ ಬಿಟ್ಟಿದ್ದನೋ ಏನೋ, ಅವನಿಗೇನು ಗೊತ್ತು? ಕೈಯಲ್ಲಿರೋದು ಒಂದು ಹಾಳೆ ಮಾತ್ರ. ಅದನ್ನು ಬರೆದವರು ಇವನ ಕಡೆಯವರಲ್ಲ.

"ವಕೀಲ ಬಂದರೆ ಸಾಕ್ಷಿ ಹೆದರಲ್ವೆ? ದೌರ್ಜನ್ಯದ ಕೇಸಿನಲ್ಲಿ ನಮ್ಮ ಹೆಣ್ಣುಮಕ್ಕಳೇ ಸಾಕ್ಷಿಯಾಗಿರುತ್ತಾರಲ್ಲ?" ಇದು ನಮ್ಮವರೇ ಕೇಳುವ ಪ್ರಶ್ನೆ. ತಳ್ಳಿಹಾಕುವಂಥದ್ದಲ್ಲ. ಆದರೆ ಕಂಬಾಲಪಲ್ಲಿಯನ್ನು ನೆನೆಯಿರಿ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಗುರುತು ಸಿಗದೆ ಬಿದ್ದ ಕೇಸಲ್ಲ ಅದು. ಅಷ್ಟು ವರ್ಷ ಅದೇ ಊರಲ್ಲಿ ಭಯದ ನೆರಳಲ್ಲಿ ಬದುಕಬೇಕಾದ ಬಡವರನ್ನು ಸರ್ಕಾರ ಕಾಯಲಿಲ್ಲ. ಸಾಕ್ಷಿಯನ್ನು ಕಾಯೋಕೆ ದಾರಿಗಳಿವೆ. ಪರದೆಯ ಮರೆ ಇದೆ, ವಿಡಿಯೋ ಇದೆ, ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಬಂದ 15ಎ ಕಲಮಿದೆ. ವಕೀಲ ಬಾಯಿ ಹಾಕಬೇಕಾಗಿಲ್ಲ; ನೋಡಲಿ, ಬರೆದುಕೊಳ್ಳಲಿ, ಆಕ್ಷೇಪಣೆಯಿದ್ದರೆ ದಾಖಲು ಮಾಡಲಿ.

ಕೆಟ್ಟ ಪೆರೇಡ್ ನೊಂದವನಿಗೂ ದ್ರೋಹವೇ. 2006ರ ಮುಂಬೈ ರೈಲು ಸ್ಫೋಟದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟು ಎಲ್ಲ 12 ಜನರನ್ನೂ ಖುಲಾಸೆ ಮಾಡಿತು. ಪೆರೇಡ್ ನಡೆಸಿದ ಅಧಿಕಾರಿಗೆ ಆಗ ಆ ಅಧಿಕಾರವೇ ಇರಲಿಲ್ಲ ಅನ್ನೋದು ಅದು ಕೊಟ್ಟ ಕಾರಣಗಳಲ್ಲೊಂದು. ಆ ತೀರ್ಪನ್ನು ಬೇರೆ ಕೇಸಿಗೆ ಮೇಲ್ಪಂಕ್ತಿ ಮಾಡಬಾರದು ಅಂತ ಸುಪ್ರೀಂ ಕೋರ್ಟು ಅದೇ ತಿಂಗಳು ಹೇಳಿತು. ಕೋರ್ಟುಗಳ ವಾದ ಏನೇ ಇರಲಿ, ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗೆ ಹತ್ತೊಂಬತ್ತು ವರ್ಷ ಬೇಕಾಯಿತು. ಆ ವರ್ಷಗಳನ್ನು ಯಾರು ಯಾರಿಗೆ ವಾಪಸು ಕೊಡ್ತಾರೆ?

ಹೊರದೇಶದವರು ಏನು ಮಾಡಿದರು? ಅಮೆರಿಕದ ಸುಪ್ರೀಂ ಕೋರ್ಟು 1967ರಲ್ಲಿ ವೇಡ್ ಕೇಸಿನಲ್ಲಿ ಪೆರೇಡಿಗೆ ವಕೀಲ ಇರಲೇಬೇಕು ಅಂದಿತು. 1972ರಲ್ಲಿ ಅದನ್ನು ವಿಧಿವತ್ತಾಗಿ ಆರೋಪ ಹೊರಿಸಿದ ನಂತರಕ್ಕೆ ಮಾತ್ರ ಮೊಟಕು ಮಾಡಿದರೂ ಪೂರ್ತಿ ಕಿತ್ತುಕೊಳ್ಳಲಿಲ್ಲ. 1872ರಲ್ಲಿ ಸಾಕ್ಷ್ಯ ಕಾಯ್ದೆಯನ್ನು ನಮ್ಮ ತಲೆಗೆ ಕಟ್ಟಿದ ಇಂಗ್ಲಿಷರೇ 1984ರ ತಮ್ಮ ಪೊಲೀಸ್ ಕಾಯ್ದೆಯಡಿಯ ನಿಯಮಗಳಲ್ಲಿ ವಕೀಲನಿಗೆ ಜಾಗ ಕೊಟ್ಟರು, ಶಂಕಿತನ ಜೊತೆ ಕನಿಷ್ಠ ಎಂಟು ಜನ ನಿಲ್ಲಬೇಕು ಅಂದರು. ಅವರು ಬಿಟ್ಟ ಹಳೇ ಅಂಗಿಯನ್ನು ನಾವು ಇನ್ನೂ ತೊಟ್ಟುಕೊಂಡಿದ್ದೇವೆ.

ಹೊಸ ಕಾನೂನು ಬರೋವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 54ನೇ ಕಲಂ, ಕೋರ್ಟಿಗೆ ಸರಿಕಂಡ ರೀತಿಯಲ್ಲಿ ಗುರುತು ನಡೆಯಲಿ ಅನ್ನುತ್ತದೆ. ಆ ರೀತಿ ಯಾವುದು ಅಂತ ನಾವು ಕೇಳಬೇಕು. ಹಿಡಿದುಕೊಂಡು ಹೋದರೆ ಮೊದಲ ದಿನವೇ ಮ್ಯಾಜಿಸ್ಟ್ರೇಟರಿಗೆ ಹೇಳಿ: ನನ್ನ ಫೋಟೋ ತೆಗೆದಿದ್ದಾರೆ, ಇಂಥವರಿಗೆ ಮುಖ ತೋರಿಸಿದ್ದಾರೆ, ಇದನ್ನು ಬರೆದುಕೊಳ್ಳಿ ಅಂತ. ವಕೀಲನಿಗೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಕೇಳದೆ ವಕೀಲನನ್ನು ಕೊಡಬೇಕು. 15100 ನಂಬರನ್ನು ಹಾಸ್ಟೆಲಿನ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಪೆರೇಡಿಗೆ ನನ್ನ ವಕೀಲನಿರಲಿ, ವಿಡಿಯೋ ಇರಲಿ, ನನ್ನಂತೆ ಕಾಣುವವರನ್ನೇ ನಿಲ್ಲಿಸಲಿ ಅಂತ ಅರ್ಜಿ ಹಾಕಿಸಿ. ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಅನ್ನಿ. ಆ ಕಾರಣವೇ ಮುಂದೆ ಹೈಕೋರ್ಟಿನಲ್ಲಿ ನಮ್ಮ ಕೈಯ ಆಯುಧ.

ಕಾನೂನು ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಒಂದು ಅರ್ಜಿಯ ನಮೂನೆಯನ್ನು ಕನ್ನಡದಲ್ಲಿ ಬರೆದು ಪ್ರತಿ ಹಾಸ್ಟೆಲಿಗೂ ಮುಟ್ಟಿಸಿ. ಪೆರೇಡಿನ ಅಂಗಳದಲ್ಲಿ ವಕೀಲನಿಗೊಂದು ಜಾಗ ಬೇಕು. ಇದು ನಾವು ಬೇಡುವ ಭಿಕ್ಷೆಯಲ್ಲ, 1949ರಲ್ಲೇ ಬರೆದಿಟ್ಟ ಬಾಕಿ. ಅದನ್ನು ವಸೂಲಿ ಮಾಡೋ ಕೆಲಸ ನಮ್ಮದು.