ಬಾಡಿಗೆ ಕಿಟಕಿಗೆ ಕೊಡಿ
ಇಂಟರ್ನ್‌ಶಿಪ್ ಸಿಕ್ಕ ಸೀನಿಯರ್ಸ್‌ಗೆಲ್ಲಾ ಈಗ ಮಲ್ಲೇಶ್ವರದಲ್ಲೇ ಮನೆ ಬೇಕು. ಹೆರಿಟೇಜ್ ಏರಿಯಾ, ಹೊಸ ಅಪಾರ್ಟ್‌ಮೆಂಟ್, ಸ್ಟೈಲಿಶ್ ಕಿಚನ್. ಸರಿ, ಆದರೆ ಆ ಹೆರಿಟೇಜ್ ಅಂದ್ರೆ ಏನು?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದು ನೆಲೆಸಲಿ ಅಂತಲೇ ಮಲ್ಲೇಶ್ವರ, ಬಸವನಗುಡಿ ಬೆಳೆದವು. ನೇರವಾದ ರಸ್ತೆ, ಮನೆ ಸುತ್ತ ಜಾಗ, ಹಿಂದೊಂದು ಕನ್ಸರ್ವೆನ್ಸಿ ಓಣಿ. ಎಲ್ಲವೂ ಗಾಳಿ, ಬೆಳಕು, ಆರೋಗ್ಯಕ್ಕಾಗಿ. ಅಂದ್ರೆ ಮನೆಗಳ ನಡುವಿನ ಖಾಲಿ ಜಾಗವೇ ಇಲ್ಲಿನ ದೊಡ್ಡ ಆಸ್ತಿ.

ಎಷ್ಟೋ ಹೊಸ ಕಟ್ಟಡಗಳು ಮೊದಲು ನುಂಗೋದು ಅದನ್ನೇ. ಕೆಳಗೆ ಪೂರ್ತಿ ಪಾರ್ಕಿಂಗ್, ಮೇಲೆ ಸೈಟಿನ ಅಂಚಿನವರೆಗೂ ಗೋಡೆ. ಕಿಟಕಿ ತೆಗೆದ್ರೆ ಪಕ್ಕದವರ ಪೈಪು. ಏರಿಯಾದ ಹೆಸರಿಗೆ ಬಾಡಿಗೆ ಕೊಟ್ಟು ಹಗಲಲ್ಲೂ ಲೈಟ್ ಹಾಕ್ಕೊಂಡು ಕೂರಬೇಕು.

ಹಳೇ ಮನೆ ಒಡೀಲೇಬಾರದು ಅಂತ ನಾನು ಹೇಳ್ತಿಲ್ಲ. ಊರು ಬೆಳೆಯುತ್ತೆ, ನಮಗೂ ಸೂರು ಬೇಕು. ಆದರೆ ಮನೆ ನೋಡೋಕೆ ಹೋದಾಗ ಫಾಲ್ಸ್ ಸೀಲಿಂಗ್‌ಗೆ ಮರುಳಾಗಬೇಡಿ. ಮಧ್ಯಾಹ್ನ ಹೋಗಿ, ಲೈಟ್‌ಗಳನ್ನೆಲ್ಲಾ ಆರಿಸಿ, ಒಂದು ಪುಟ ಓದಿ ನೋಡಿ. ಓದೋಕೆ ಆಗ್ಲಿಲ್ವಾ? ಯಾಕೆ ಬೇಡ ಅಂತ ಓನರ್‌ಗೆ ಹೇಳಿಯೇ ಬನ್ನಿ. ಬಾಡಿಗೆಯವರು ಬೆಳಕು ಕೇಳದಿದ್ರೆ ಕಟ್ಟೋರು ಯಾಕೆ ಬಿಡ್ತಾರೆ?