ಕಾಲರಾ: ರಕ್ತ ಹೇಳುವ ಲೆಕ್ಕ

ಕೊರೋನಾ ಕಾಲದಲ್ಲಿ ‘ಸೀರೋ ಸರ್ವೆ’ ಅನ್ನೋ ಪದ ತಿಪಟೂರಿನ ಕೊಬ್ಬರಿ ಮಂಡಿವರೆಗೂ ಬಂದಿತ್ತು. 2020ರ ಸೆಪ್ಟೆಂಬರಿನ ಸರ್ಕಾರಿ ಸಮೀಕ್ಷೆ ಪ್ರಕಾರ ರಾಜ್ಯದ ಶೇ. 27.3ರಷ್ಟು ಜನಕ್ಕೆ ಸೋಂಕು ಬಂದು ಹೋಗಿತ್ತು ಅಥವಾ ಆಗ ಇತ್ತು. ಪಟ್ಟಿಯಲ್ಲಿ ದಾಖಲಾಗಿದ್ದವರು ಅದರಲ್ಲಿ ಸಣ್ಣ ಪಾಲು.

ಕಾಲರಾಗೂ ಇದನ್ನೇ ಯಾಕೆ ಮಾಡಬಾರದು? ಕಾಲರಾ ತಗುಲಿದ ಬಹಳ ಜನಕ್ಕೆ ಲಕ್ಷಣವೇ ಇರೋಲ್ಲ, ಹಲವರಿಗೆ ಬರೀ ಭೇದಿ. ನಮ್ಮ ತೆಂಗಿನ ಸೀಮೆಯಲ್ಲಿ ಭೇದಿ ಅಂದ್ರೆ ಎರಡು ಎಳನೀರು ಕುಡಿದು ಮಲಗೋದು. (ಎಳನೀರಲ್ಲಿ ಸೋಡಿಯಂ ಕಡಿಮೆ, ಓಆರ್‌ಎಸ್ಸೂ ಕುಡೀರಪ್ಪ.) ಮಲ ಪರೀಕ್ಷೆಗೆ ಹೋಗೋರು ಯಾರು? 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ನ 47 ವಿದ್ಯಾರ್ಥಿನಿಯರು ಆಸ್ಪತ್ರೆ ಸೇರಿದಾಗಲೂ ಕಾಲರಾ ಖಚಿತವಾಗಿದ್ದು ಬೆರಳೆಣಿಕೆಯಷ್ಟು ಜನರಲ್ಲಿ. ಡಾಕ್ಟರಾಗೋರ ಕಥೆಯೇ ಹೀಗಾದ್ರೆ ಚಿಕ್ಕನಾಯಕನಹಳ್ಳಿ ಕಡೆಯ ಹಟ್ಟಿಗಳ ಲೆಕ್ಕ ಇಡೋರ್ಯಾರು?

ರಕ್ತದಲ್ಲಿ ಮಾತ್ರ ಗುರುತು ಉಳಿಯುತ್ತೆ. ರಕ್ತದ ಸೀರಮ್ಮನ್ನ ಹಂತಹಂತವಾಗಿ ತೆಳು ಮಾಡಿ ಜೀವಂತ ಕಾಲರಾ ಬ್ಯಾಕ್ಟೀರಿಯಾ ಜೊತೆ ಬೆರೆಸ್ತಾರೆ. ಎಷ್ಟು ತೆಳುವಾದರೂ ಅದನ್ನ ಕೊಲ್ಲುತ್ತೆ ಅನ್ನೋದೇ ಅಳತೆ. ಸೋಂಕಾದ ಒಂದೆರಡು ವಾರಕ್ಕೆ ಏರೋ ಈ ಪ್ರತಿಕಾಯ ತಿಂಗಳು ಕಳೆದಂತೆ ಇಳಿಯುತ್ತೆ. ಹಾಗಾಗಿ ಸೋಂಕು ಇತ್ತೀಚಿನದೋ ಹಳೇದೋ ಅಂತ ಅಂದಾಜು ಮಾಡಬಹುದು. ಬಾಂಗ್ಲಾದೇಶದಲ್ಲಿ ಹೀಗೆ ಇಡೀ ದೇಶದ ರಕ್ತ ಪರೀಕ್ಷಿಸಿ, ಒಂದು ವರ್ಷದಲ್ಲಿ ಶೇ. 17ರಷ್ಟು ಜನಕ್ಕೆ ಸೋಂಕು ತಗುಲಿತ್ತು ಅಂತ ಲೆಕ್ಕ ಹಾಕಿದ್ರು!

ಇಲ್ಲೇ ನನ್ನ ತಕರಾರು ಇರೋದು. ಅಂಕಿ ಜಾಸ್ತಿ ಬಂದ್ರೆ “ನೋಡಿ, ನಮ್ಮ ಹಳ್ಳಿ ಜನ ಎಂಥ ಗಟ್ಟಿ” ಅನ್ನೋರು ಬಂದೇ ಬರ್ತಾರೆ. ಸ್ವಾಮಿ, ಅದು ಅವರು ಕುಡಿದ ಕೊಳಕು ನೀರಿನ ಲೆಕ್ಕ. ಆ ಗಟ್ಟಿತನವೂ ಶಾಶ್ವತವಲ್ಲ. 1992ರಲ್ಲಿ ಮದರಾಸಿನಲ್ಲಿ ಓ139 ಅನ್ನೋ ಹೊಸ ಬಗೆ ಕಾಣಿಸಿಕೊಂಡಾಗ, ಹಳೇ ಓ1 ಕಾಲರಾ ಕಂಡು ಪಳಗಿದ್ದ ಊರುಗಳಲ್ಲೂ ದೊಡ್ಡವರೇ ಹಾಸಿಗೆ ಹಿಡಿದ್ರು.

ನಮ್ಮಲ್ಲಿ ನೀರು ಬಿಡದ ದಿನ ಖಾಲಿ ಪೈಪು ಒಡೆದ ಜಾಗದಿಂದ ಚರಂಡಿ ನೀರು ಎಳೆದುಕೊಳ್ಳುತ್ತೆ. ಅದಕ್ಕೇ ತಿಪಟೂರು, ತುರುವೇಕೆರೆ, ಚಿ.ನಾ.ಹಳ್ಳಿ ಮೂರೂ ತಾಲೂಕಲ್ಲಿ ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ರಕ್ತ ತಗೊಳ್ಳಲಿ. ಬೋರ್‌ವೆಲ್ ಊರು, ಹೇಮಾವತಿ ನೀರಿನ ಊರು ಬೇರೆ ಬೇರೆ ಬರೆದುಕೊಳ್ಳಲಿ. ಅಂಕಿ ಏರಿದ ಊರಿನ ಪೈಪು ಮೊದಲು ಅಗೆದು ನೋಡಲಿ.