ಹಾಜರಿ ಸಹಿಯೇ ಸೆಮಿನಾರ್ ಅಲ್ಲ ಸ್ವಾಮಿ!

ನನ್ನ ರೂಮ್‌ಮೇಟ್ ಬೆಂಗಳೂರಲ್ಲಿ ನರವಿಜ್ಞಾನದ ಪಿಎಚ್.ಡಿ. ಮಾಡ್ತಿದ್ದಾನೆ. ನನ್ನ ಹಾಗೇ ಹಳ್ಳಿಯಿಂದ ಬಂದವನು. ವಾರಕ್ಕೊಂದು ಸೆಮಿನಾರ್, ಬಾಗಿಲಲ್ಲೇ ಸಹಿ ಪುಸ್ತಕ. ತಪ್ಪಿಸಿದರೆ ಗೈಡ್ ಕೇಳ್ತಾರೆ. ಮೂರು ವರ್ಷದಲ್ಲಿ ಅವನು ಒಂದೂ ತಪ್ಪಿಸಿಲ್ಲ, ಒಂದು ಪ್ರಶ್ನೆಯನ್ನೂ ಎತ್ತಿಲ್ಲ. ಅದ್ಯಾಕೆ ಅಂತ ಮಾತ್ರ ಯಾರೂ ಕೇಳಿಲ್ಲ!

ಸೆಮಿನಾರೇ ಬೇಡ ಅಂತಲ್ಲ. ಇಲಿಯ ಮೆದುಳಿನ ಒಂದೊಂದೇ ನರಕೋಶದ ವಿದ್ಯುತ್ ಅಳೆಯುವವನಿಗೆ, ಎಫ್‌ಎಂಆರ್‌ಐನಲ್ಲಿ ಮನುಷ್ಯರ ಮೆದುಳು ನೋಡುವವರ ಕೆಲಸ ಪರಭಾಷೆ ಇದ್ದಂತೆ. ಕೂತು ಕೇಳಲೇಬೇಕು. ಆದರೆ ಅರ್ಥವಾಯಿತು ಅನ್ನೋದಕ್ಕೆ ಸಹಿ ಸಾಕ್ಷಿಯಾ?

ಯುಜಿಸಿಯ 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಪ್ರೆಸೆಂಟೇಶನ್ ಕೊಡಬೇಕು. ಒಳ್ಳೆಯದೇ. ಆದರೆ ಅದು ಪರೀಕ್ಷೆ, ಅಭ್ಯಾಸ ಎಲ್ಲಿ? ಕನ್ನಡ ಮೀಡಿಯಂ ಹುಡುಗ ಇಂಗ್ಲಿಷಲ್ಲಿ ತಡವರಿಸಿದರೆ ‘ಸಬ್ಜೆಕ್ಟ್ ವೀಕು’ ಅಂದುಬಿಡ್ತಾರೆ. ನನ್ನ ಮೊದಲ ಡೆಮೊದಲ್ಲೂ ಹಾಗೇ ಆಗಿತ್ತು. ಕೋಡ್ ಸರಿಯಿತ್ತು, ಬಾಯಿ ಒಣಗಿತ್ತು.

ನಮ್ಮೂರಲ್ಲಿ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ಇಳಿಸ್ತಿದ್ರು. ಕಟ್ಟೆ ಮೇಲೆ ಕೂರಿಸಿ, ಹಾಜರಿ ಹಾಕಿ ಈಜು ಕಲಿಸಿದವರನ್ನ ನಾನಂತೂ ನೋಡಿಲ್ಲ.

‘ಹಾಜರಿ ತೆಗೆದರೆ ಯಾರೂ ಬರಲ್ಲ’ ಅಂತಾರೆ ಮೇಷ್ಟ್ರುಗಳು. ಸರಿ, ಪುಸ್ತಕ ಇಟ್ಟುಕೊಳ್ಳಿ. ಸಹಿಯ ಪಕ್ಕ ಒಂದು ಪ್ರಶ್ನೆ ಬರೆಸಿ. ಮೊದಲ ಪ್ರಶ್ನೆ ವಿದ್ಯಾರ್ಥಿಗಳಿಗೇ ಬಿಡಿ, ಪ್ರೊಫೆಸರುಗಳು ಆಮೇಲೆ ಕೇಳಲಿ. ಅಂಕದ ಭಯವಿಲ್ಲದೆ ಜೊತೆಯವರ ಮುಂದೆ ಆಗಾಗ ಮಾತಾಡಿಸಿ. ಇಂಗ್ಲಿಷ್ ಕೈಕೊಟ್ಟರೆ ಕನ್ನಡದಲ್ಲೇ ಹೇಳಲಿ ಬಿಡಿ.

ನರಕೋಶಗಳು ಒಂದಕ್ಕೊಂದು ಹೇಗೆ ಸುದ್ದಿ ಮುಟ್ಟಿಸುತ್ತವೆ ಅಂತ ಓದುವ ಹುಡುಗ, ತಾನೇ ಬಾಯಿಬಿಡದೆ ಡಾಕ್ಟರೇಟ್ ಪಡೆದು ಹೊರಬಂದರೆ, ತಪ್ಪು ಅವನೊಬ್ಬನದೇ ಅಲ್ಲ.